ಟೀಚರ್ ಇದ್ದಾರೆ, ಶಾಲೆ ಹೊರಟಿದೆ

ನಿವೃತ್ತ ಶಿಕ್ಷಕರನ್ನು ಗೌರವಿಸುವುದರಲ್ಲಿ ಮುಂಬಯಿ ಕನ್ನಡಿಗರು ಎಂದೂ ಹಿಂದೆ ಬಿದ್ದವರಲ್ಲ. ಮಾಟುಂಗದಿಂದ ಡೊಂಬಿವಲಿಯವರೆಗೆ ಯಾವ ಸಂಘದ ವಾರ್ಷಿಕೋತ್ಸವಕ್ಕೆ ಹೋಗಿ ನೋಡಿ, ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಸನ್ಮಾನಪತ್ರಗಳ ನಡುವೆ ಒಬ್ಬ ಹಿರಿಯ ಟೀಚರ್ ಸಂಕೋಚದಿಂದ ಕೂತಿರುತ್ತಾರೆ. ಮೂವತ್ತು ವರ್ಷ ಕಲಿಸಿದವರಿಗೆ ಅಷ್ಟಾದರೂ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲಸಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿ, ಇನ್ನೂ ಇರಲೋ ಬಿಡಲೋ ಎಂದು ತೂಗಿ ನೋಡುತ್ತಿರುವ ಟೀಚರನ್ನು ಯಾವ ಸಂಘವಾದರೂ ವೇದಿಕೆಗೆ ಕರೆದದ್ದನ್ನು ನಾನು ಕಂಡಿಲ್ಲ. ಹೊಸಬರು ಬಂದದ್ದು ಗೊತ್ತಾಗುವುದೇ ಅವರು ಬಿಟ್ಟುಹೋದ ಮೇಲೆ.

ಶಿಕ್ಷಕರು ಕೆಲಸ ಬಿಡುವುದು ಈಗ ಜಗತ್ತಿಗೇ ತಲೆನೋವಾಗಿದೆ. ಯುನೆಸ್ಕೊ ಲೆಕ್ಕದ ಪ್ರಕಾರ 2030ರೊಳಗೆ ಜಗತ್ತಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕು. ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಬಿಡುವವರ ಪ್ರಮಾಣ 2015ರಲ್ಲಿ ಶೇ. 4.6ರಷ್ಟಿದ್ದದ್ದು 2022ರ ವೇಳೆಗೆ ಶೇ. 9ಕ್ಕೆ ಏರಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಇಂಗರ್ಸಾಲ್ 2001ರಲ್ಲೇ ಒಂದು ವಿಷಯವನ್ನು ಬಿಡಿಸಿ ಹೇಳಿದ್ದರು. ಹೊಸ ಶಿಕ್ಷಕರು ಸಾಕಷ್ಟು ತಯಾರಾಗುತ್ತಿಲ್ಲ ಎಂದು ಎಲ್ಲರೂ ಗೋಳಾಡುತ್ತಾರೆ. ನಿಜದಲ್ಲಿ ಕೊರತೆ ಹುಟ್ಟುವುದು ಇದ್ದವರು ನಿವೃತ್ತಿಗೆ ಬಹಳ ಮುಂಚೆಯೇ ಹೊರಟುಹೋಗುವುದರಿಂದ. ಹೊರಟವರು ಕೊಡುವ ಕಾರಣಗಳಲ್ಲಿ ಸಂಬಳ ಒಂದು. ಅದರ ಜೊತೆಗೇ ಬರುವುದು ಆಡಳಿತದಿಂದ ಬೆಂಬಲವಿಲ್ಲ, ಶಾಲೆಯ ತೀರ್ಮಾನಗಳಲ್ಲಿ ನಮ್ಮ ಮಾತು ನಡೆಯುವುದಿಲ್ಲ ಎಂಬ ಅಳಲು. ಅಂದರೆ, ಈ ಶಾಲೆ ನನ್ನದು ಅನ್ನಿಸಲಿಲ್ಲ.

ಈ ವಿಶ್ಲೇಷಣೆಯನ್ನು ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳಿಗೆ ತಂದು ಹಾಗೇ ಹಚ್ಚಿದರೆ ಕೂರುವುದಿಲ್ಲ. ಇಲ್ಲಿ ಸೇರಿದವರು ಬಹುಮಟ್ಟಿಗೆ ಉಳಿದರು. ಹೊರಟದ್ದು ಶಾಲೆ. ಮೊದಲು ಒಂದನೇ ತರಗತಿಗೆ ಮಕ್ಕಳು ಬರುವುದು ನಿಲ್ಲುತ್ತದೆ. ಆಮೇಲೆ ವರ್ಷಕ್ಕೊಂದು ತರಗತಿಯಂತೆ ಖಾಲಿಯಾಗುತ್ತ ಬಂದು, ಒಂದು ಜೂನ್ ತಿಂಗಳಲ್ಲಿ ಬೋರ್ಡೂ ಇಳಿಯುತ್ತದೆ. ಟೀಚರ್ ಮಾತ್ರ ತಮ್ಮ ಸೇವಾ ಪುಸ್ತಕದೊಡನೆ ಇನ್ನೊಂದು ಕಟ್ಟಡಕ್ಕೆ, ಇನ್ನೊಂದು ವಾರ್ಡಿಗೆ. ಯಾಕೆ ಹೋದಿರಿ ಎಂದು ಕೇಳೋಣವೆಂದರೆ ಇಲ್ಲಿ ಹೆಚ್ಚಿನ ಟೀಚರುಗಳು ಬಿಟ್ಟುಹೋಗಿಯೇ ಇಲ್ಲ. ಕಾಲ ಕೆಳಗಿನ ನೆಲ ಸರಿಯುತ್ತಿದ್ದರೂ ಇಷ್ಟು ದಿನ ಹೇಗೆ ಉಳಿದಿರಿ ಎಂದು ಕೇಳಬೇಕು. ಜೊತೆಗೆ, ಇವರ ಜಾಗಕ್ಕೆ ಮುಂದೆ ಬರುವವರು ಯಾರು ಮತ್ತು ಅವರು ಏಕೆ ಉಳಿಯಬೇಕು ಎಂದೂ.

ಬೃಹನ್ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ: ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ಕನ್ನಡ, ತಮಿಳು, ತೆಲುಗು. ದೇಶದಲ್ಲಿ ಬೇರೆ ಯಾವ ನಗರಸಭೆ ಇಷ್ಟು ಭಾಷೆಗಳ ಭಾರ ಹೊತ್ತಿದೆಯೋ ನಾನರಿಯೆ. ಪುಣೆಯಲ್ಲಿ 1967ರಲ್ಲಿ ಹುಟ್ಟಿದ ಬಾಲಭಾರತಿ ಸಂಸ್ಥೆ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಪಾಲಿಕೆಯ ಕನ್ನಡ ಶಾಲೆಗಳ ಬೆಂಚಿನಲ್ಲಿ ಕೂತಿರುವವರು ಉಡುಪಿ ಹೋಟೆಲ್ ಮಾಲೀಕರ ಮಕ್ಕಳಲ್ಲ; ಅವರು ಇಂಗ್ಲಿಷ್ ಶಾಲೆಗೆ ಹೋಗಿ ಎರಡು ತಲೆಮಾರಾಯಿತು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ನಿಂತವರ ಮಕ್ಕಳು ಇಲ್ಲಿದ್ದಾರೆ. ಕಟ್ಟಡ ಮುಗಿದರೆ ಕುಟುಂಬ ಮುಂದಕ್ಕೆ ಹೋಗುತ್ತದೆ, ಜಾತ್ರೆ ಬಂದರೆ ಊರಿಗೆ ಹೋಗುತ್ತದೆ. ಜೂನ್‌ನಲ್ಲಿ ನಲವತ್ತಿದ್ದ ಹಾಜರಿ ಜನವರಿಯಲ್ಲಿ ಎಷ್ಟಿರುತ್ತದೆಂದು ಹೇಳಲಾಗದು. ಇಂಥ ಶಾಲೆಯ ಟೀಚರ್ ಪಾಠದ ಜೊತೆಗೆ ಕೂಲಿಕಾರರು ಸೇರುವ ನಾಕಾದಲ್ಲಿ ಮಕ್ಕಳನ್ನು ಹುಡುಕಬೇಕು, ತಾಯಿಗೆ ಆಧಾರ್ ಕಾರ್ಡಿನ ಹೆಸರು ತಿದ್ದಿಸಿಕೊಡಬೇಕು, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದು ಮನೆಮನೆ ಹತ್ತಿಳಿಯಬೇಕು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ. ಆದರೆ ನಮ್ಮಲ್ಲಿ ಚುನಾವಣೆ ಇಲ್ಲದ ವರ್ಷ ಯಾವುದಿದೆ?

ಮುಂಬಯಿಯ ಕನ್ನಡ ಶಿಕ್ಷಕರು ಶಾಲೆಗೆ ಅಂಟಿಕೊಂಡು ಬಾಳಿದ ಇನ್ನೊಂದು ಕಾಲವಿತ್ತು. ಅದರ ಹೆಸರು ರಾತ್ರಿಶಾಲೆ.

1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿ ರಾತ್ರಿಶಾಲೆ ಆರಂಭಿಸಿತು. ಕೋಟೆ, ಅಂದರೆ ಫೋರ್ಟ್ ಪರಿಸರದ ಹೋಟೆಲು, ಕ್ಯಾಂಟೀನುಗಳಲ್ಲಿ ಲೋಟ ತೊಳೆಯುತ್ತಿದ್ದ, ಮೇಜು ಒರೆಸುತ್ತಿದ್ದ ತುಳುನಾಡಿನ ಹುಡುಗರಿಗೆ ಅಕ್ಷರ ಕಲಿಸುವ ಯೋಚನೆ ಅದು. ಆಮೇಲೆ ಬಿಲ್ಲವರು ಗುರುನಾರಾಯಣ ರಾತ್ರಿ ಪ್ರೌಢಶಾಲೆ ನಡೆಸಿದರು, ಕೆನರಾ, ಕನ್ನಡ ಭವನ ಎಂದು ಫೋರ್ಟಿನಲ್ಲೇ ಹಲವು ಶಾಲೆಗಳು ಬೆಳಗಿದವು. ಸಂಜೆ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ಮಾಲೀಕರ ಮುಖ ನೋಡಿ, ಅವರು ತಲೆಯಾಡಿಸಿದ ಕೂಡಲೇ ಅಂಗಿ ಬದಲಿಸಿ ಓಡುತ್ತಿದ್ದ ಹುಡುಗರು ಮುಂದೆ ಬ್ಯಾಂಕಿನ ಅಧಿಕಾರಿಗಳಾದರು, ವಕೀಲರಾದರು, ತಾವೇ ಹೋಟೆಲ್ ಮಾಲೀಕರಾದರು. ಈ ಕತೆಯನ್ನು ನಾವು ಸಾಕಷ್ಟು ಹೇಳಿಕೊಂಡಿದ್ದೇವೆ. ಕಲಿಸಿದವರ ಕತೆಯನ್ನು ಅಷ್ಟು ಹೇಳಿಕೊಂಡಿಲ್ಲ.

ರಾತ್ರಿಶಾಲೆಯ ಮಾಸ್ತರರಲ್ಲಿ ಅನೇಕರಿಗೆ ಅದು ಎರಡನೇ ಕೆಲಸ. ಹಗಲು ಯಾವುದೋ ಕಂಪನಿಯಲ್ಲಿ ಗುಮಾಸ್ತಗಿರಿ, ಬ್ಯಾಂಕಿನ ಕೌಂಟರು, ಇಲ್ಲವೇ ಇನ್ನೊಂದು ಶಾಲೆಯ ಪಾಠ. ಸಂಜೆ ಆರೂವರೆಗೆ ರಾತ್ರಿಶಾಲೆ. ಸಿಗುತ್ತಿದ್ದದ್ದು ಅಲ್ಪ. ಆದರೂ ದಶಕಗಟ್ಟಲೆ ಬಿಡಲಿಲ್ಲ. ತ್ಯಾಗ, ಸೇವೆ ಎಂದು ಇದಕ್ಕೆ ಹೆಸರಿಟ್ಟು ಕೈಮುಗಿಯುವುದು ಸುಲಭ. ನನಗೆ ಆ ವಿವರಣೆ ಒಪ್ಪಿಗೆಯಿಲ್ಲ. ಅವರಿಗೆ ಅಲ್ಲಿ ಸಿಗುತ್ತಿದ್ದದ್ದು ಈ ನಗರ ಬೇರೆಲ್ಲೂ ಕೊಡದ ಒಂದು ಸ್ಥಾನ. ಆಫೀಸಿನಲ್ಲಿ ಹತ್ತು ಜನರಲ್ಲಿ ಒಬ್ಬನಾಗಿದ್ದವನು ಸಂಜೆ ಮೆಟ್ಟಿಲು ಹತ್ತಿದರೆ ‘ಮಾಸ್ಟ್ರು ಬಂದ್ರು’ ಎಂದು ಎದ್ದು ನಿಲ್ಲುವ ಮೂವತ್ತು ಹುಡುಗರಿದ್ದರು. ಹುಡುಗರ ಊರು ಮಾಸ್ತರರಿಗೆ ಗೊತ್ತು, ಮಾಸ್ತರರ ಮನೆತನ ಹುಡುಗರಿಗೆ ಗೊತ್ತು. ಶಾಲೆಯ ಸಮಿತಿಯಲ್ಲಿ ಇದ್ದವರು ಭಾನುವಾರ ಯಕ್ಷಗಾನದಲ್ಲಿ ಪಕ್ಕದಲ್ಲೇ ಕೂರುವವರು. ವಾರ್ಷಿಕೋತ್ಸವದ ನಾಟಕಕ್ಕೆ ಮಾಸ್ತರರೇ ನಿರ್ದೇಶಕರು, ಹಸ್ತಪ್ರತಿ ಪತ್ರಿಕೆಗೆ ಮಾಸ್ತರರೇ ಸಂಪಾದಕರು. ಕಲಿತು ಹೋದ ಹುಡುಗ ಕೆಲವು ವರ್ಷಗಳ ಬಳಿಕ ಅದೇ ಶಾಲೆಗೆ ಮಾಸ್ತರನಾಗಿ ಬಂದದ್ದೂ ಉಂಟು. ನೇಮಕಾತಿ, ತರಬೇತಿ, ಮಾರ್ಗದರ್ಶನ ಎಂದು ಇವತ್ತು ಮೂರು ಇಲಾಖೆಗಳು ಮಾಡುವ ಕೆಲಸವನ್ನು ಒಂದು ಪರಿಚಯದ ಬಳಗ ಮಾಡುತ್ತಿತ್ತು. ಇದರ ಇನ್ನೊಂದು ಮುಖವೂ ಇದೆ: ಆ ಬಳಗ ಬಹುಮಟ್ಟಿಗೆ ಜಾತಿಯ ಬಳಗ. ಮೊಗವೀರರದು, ಬಿಲ್ಲವರದು, ಬಂಟರದು. ತರಗತಿಯ ಬಾಗಿಲು ಎಲ್ಲರಿಗೂ ತೆರೆದಿತ್ತು ನಿಜ, ಆದರೆ ಸಮಿತಿಯ ಕುರ್ಚಿ ಎಲ್ಲರಿಗೂ ಇರಲಿಲ್ಲ. ಹಳೆಯದನ್ನು ಹೊಗಳುವಾಗ ಇದನ್ನು ಮರೆಯಬಾರದು.

ಶಿಕ್ಷಕರು ಬರುತ್ತಿದ್ದ ದಾರಿಯೂ ಆಗ ನೇರವಾಗಿತ್ತು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿಗೆ ಪದವಿ ಕೊಡುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯ. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮುಂಬಯಿಯಲ್ಲೇ ಹುಟ್ಟಿ, ಮರುವರ್ಷ ಧಾರವಾಡದಲ್ಲಿ ನೆಲೆ ನಿಂತಿತು. ಧಾರವಾಡದಲ್ಲಿ ಓದಿ ಮುಂಬಯಿಯಲ್ಲಿ ಕಲಿಸಲು ಬರುವವರು ಆಗ ತಮ್ಮದೇ ಪ್ರಾಂತದ ರಾಜಧಾನಿಗೆ ಬರುತ್ತಿದ್ದರು. ಏಕೀಕರಣ ನಮ್ಮ ಬಹುಕಾಲದ ಕನಸು, ಅದು ಕೈಗೂಡಿದ್ದು ಒಳ್ಳೆಯದೇ. ಮುಂಬಯಿಯ ಕನ್ನಡ ಶಾಲೆಗಳಿಗೆ ಮಾತ್ರ ಅಂದಿನಿಂದ ಶಿಕ್ಷಕರು ಪರರಾಜ್ಯದವರಾದರು. ಪ್ರಮಾಣಪತ್ರ ಬೇರೆ, ಪಠ್ಯಕ್ರಮ ಬೇರೆ, ನೇಮಕಾತಿಯ ನಿಯಮ ಬೇರೆ.

ಈಗ ಹುದ್ದೆಯನ್ನು ನಿರ್ಧರಿಸುವುದು ‘ಸಂಚ್ ಮಾನ್ಯತಾ’. ಮಹಾರಾಷ್ಟ್ರದ ಯಾವ ಟೀಚರ್ ಮುಂದೆ ಈ ಎರಡು ಶಬ್ದ ಹೇಳಿದರೂ ಮುಖದ ಬಣ್ಣ ಬದಲಾಗುತ್ತದೆ. ಪ್ರತಿ ವರ್ಷ ಶಾಲೆಯ ಮಕ್ಕಳ ತಲೆ ಎಣಿಸಿ, ಆ ಲೆಕ್ಕದ ಮೇಲೆ ಎಷ್ಟು ಶಿಕ್ಷಕರ ಹುದ್ದೆಗೆ ಮಂಜೂರಾತಿ ಎಂದು ಸರ್ಕಾರ ತಿಳಿಸುತ್ತದೆ. ಲೆಕ್ಕಕ್ಕೆ ಮಿಕ್ಕವರು ‘ಅತಿರಿಕ್ತ’. ಕೆಲಸ ಹೋಗುವುದಿಲ್ಲ, ಸಂಬಳ ನಿಲ್ಲುವುದಿಲ್ಲ. ಹೆಚ್ಚುವರಿ ಎಂಬ ಮೊಹರು ಬೀಳುತ್ತದೆ, ಬೇರೆ ಶಾಲೆಯಲ್ಲಿ ‘ಸಮಾಯೋಜನೆ’ ಆಗುತ್ತದೆ. ಮರಾಠಿ ಟೀಚರಿಗೆ ಪಕ್ಕದ ಬೀದಿಯಲ್ಲೇ ಇನ್ನೊಂದು ಮರಾಠಿ ಶಾಲೆ ಸಿಗಬಹುದು. ಕನ್ನಡ ಟೀಚರಿಗೆ ಇನ್ನೊಂದು ಕನ್ನಡ ಶಾಲೆ ನಗರದ ಇನ್ನೊಂದು ತುದಿಯಲ್ಲಿರುತ್ತದೆ. ಅಲ್ಲಿಗೆ ಹೋದಾಗ ಅಲ್ಲಿನವರು ಲೆಕ್ಕ ಹಾಕುತ್ತಾರೆ: ಇವರು ಬಂದರೆ ನಮ್ಮಲ್ಲಿ ಮುಂದಿನ ವರ್ಷ ಅತಿರಿಕ್ತ ಯಾರು? ಹೀಗೆ ಸ್ಟಾಫ್ ರೂಮಿನ ಸಹೋದ್ಯೋಗಿಗಳು ಒಬ್ಬರಿಗೊಬ್ಬರು ಸೇವಾ ಜ್ಯೇಷ್ಠತೆಯ ಪಟ್ಟಿಯಾಗಿ ಕಾಣತೊಡಗುತ್ತಾರೆ. ಈ ವಾತಾವರಣದಲ್ಲಿ ಮಮತೆ ಬೆಳೆಯಲಿ ಎಂದು ಬಯಸುವುದು ಅನ್ಯಾಯ.

ಇದಕ್ಕೆ ಬೇರೆ ಅಳತೆಗೋಲು ಇಲ್ಲದಿಲ್ಲ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ಸೂತ್ರ ಒಪ್ಪಿತ್ತು. ಇಡೀ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಅವರಿಗೆ ಕಡೇಪಕ್ಷ ಒಬ್ಬ ಶಿಕ್ಷಕನನ್ನು ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸುವ ಹೊಣೆಯನ್ನು ರಾಜ್ಯಗಳ ಮೇಲಿಟ್ಟಿತು. ಆ ಸೂತ್ರದ ಹಿಂದಿನ ತಿಳಿವಳಿಕೆ ಸರಳ: ಅಲ್ಪಸಂಖ್ಯಾತರ ಶಾಲೆ ಸಣ್ಣದಾಗಿಯೇ ಇರುತ್ತದೆ, ಅದನ್ನು ದೊಡ್ಡ ಶಾಲೆಯ ತಕ್ಕಡಿಯಲ್ಲಿ ತೂಗಬಾರದು. ನಾಲ್ಕು ಮಕ್ಕಳು ಕಡಿಮೆಯಾದರೆ ಸಣ್ಣ ಶಾಲೆಯ ಅರ್ಧ ಬಳಗವೇ ಅತಿರಿಕ್ತವಾಗುವಾಗ, ಹುದ್ದೆಗಳ ಪಟ್ಟಿಯನ್ನು ಪ್ರತಿ ವರ್ಷದ ಬದಲು ಮೂರೋ ಐದೋ ವರ್ಷದ ಸರಾಸರಿಯ ಮೇಲೆ ಮಾಡಿದರೆ ಬೊಕ್ಕಸಕ್ಕೆ ಆಗುವ ನಷ್ಟ ಅಷ್ಟೇನಿಲ್ಲ. ಟೀಚರಿಗೆ ಮಾತ್ರ ಐದು ವರ್ಷ ಒಂದೇ ಓಣಿಯ ಮಕ್ಕಳನ್ನು ಕಾಣುವ ಭರವಸೆ ಸಿಗುತ್ತದೆ.

ರಾತ್ರಿಶಾಲೆಗೂ ಈ ಅತಿರಿಕ್ತದ ಬಿಸಿ ತಟ್ಟಿತು. 2017ರ ಮೇ 17ರಂದು ಮಹಾರಾಷ್ಟ್ರ ಸರ್ಕಾರ ಹೊರಡಿಸಿದ ಆದೇಶದಂತೆ ಹಗಲು ಒಂದು ಶಾಲೆ, ರಾತ್ರಿ ಇನ್ನೊಂದು ಶಾಲೆ ಎಂದು ಎರಡು ಕಡೆ ದುಡಿಯುವ ಶಿಕ್ಷಕರು ರಾತ್ರಿಶಾಲೆ ಬಿಡಬೇಕಾಯಿತು. ಅವರ ಜಾಗಕ್ಕೆ ಹಗಲು ಶಾಲೆಗಳ ಅತಿರಿಕ್ತ ಶಿಕ್ಷಕರು. ಕಾಗದದ ಮೇಲೆ ಇದು ತಪ್ಪಲ್ಲ. ದಣಿದು ಬಂದ ಮಕ್ಕಳಿಗೆ ದಣಿದ ಮಾಸ್ತರರೇಕೆ, ರಾತ್ರಿಶಾಲೆಗೂ ಪೂರ್ಣಾವಧಿ ಶಿಕ್ಷಕರು ಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ಹೋದವರು ಆ ಶಾಲೆಯನ್ನು ಆರಿಸಿಕೊಂಡವರು, ಬಂದವರು ಅಲ್ಲಿಗೆ ಕಳಿಸಲ್ಪಟ್ಟವರು. ಆದೇಶ ಬರೆದವರ ಕಣ್ಣಿಗೆ ಇವೆರಡರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹೊಸದಾಗಿ ಸೇರುವವರ ವಿಷಯಕ್ಕೆ ಬರೋಣ. ಮಹಾರಾಷ್ಟ್ರದಲ್ಲಿ 2000ದಿಂದ ಶಿಕ್ಷಣ ಸೇವಕ ಪದ್ಧತಿಯಿದೆ. ಆಯ್ಕೆಯಾದ ಶಿಕ್ಷಕರು ಮೊದಲ ಮೂರು ವರ್ಷ ಪೂರ್ಣ ಸಂಬಳವಿಲ್ಲದೆ, ಮಾನಧನದ ಮೇಲೆ ದುಡಿಯಬೇಕು. ಪ್ರಾಥಮಿಕ ಶಾಲೆಗೆ ಈ ಮಾನಧನ ಬಹುಕಾಲ ತಿಂಗಳಿಗೆ 6,000 ರೂಪಾಯಿಯಷ್ಟೇ ಇತ್ತು. 2023ರಲ್ಲಿ 16,000ಕ್ಕೆ ಏರಿತು. ಪ್ರೌಢಶಾಲೆಗೆ 8,000ದಿಂದ 18,000. ಏರಿಕೆ ದೊಡ್ಡದೇ. ಆದರೆ ಫೋರ್ಟಿನ ಶಾಲೆಯಲ್ಲಿ ಕಲಿಸುವವರು ಈ ಹಣದಲ್ಲಿ ಬಾಡಿಗೆ ಮನೆ ಹುಡುಕುತ್ತ ಹೋದರೆ ವಿರಾರ್, ನಾಲಾಸೊಪಾರ, ಬದಲಾಪುರಗಳಲ್ಲೇ ನಿಲ್ಲುವುದು. ಚರ್ಚ್‌ಗೇಟಿನಿಂದ ವಿರಾರ್ 60 ಕಿ.ಮೀ. ಲೋಕಲಿನಲ್ಲಿ ದಿನಕ್ಕೆ ಮೂರು ಗಂಟೆಗೂ ಮಿಕ್ಕಿ ನಿಂತೇ ಕಳೆಯುವ ಟೀಚರ್ ಶಾಲೆ ಬಿಟ್ಟ ಮೇಲೆ ಒಬ್ಬ ಹುಡುಗಿಯನ್ನು ಕೂರಿಸಿಕೊಂಡು ಭಾಗಾಕಾರ ಹೇಳಿಕೊಡುವುದು ಹೇಗೆ? 5.50ರ ಫಾಸ್ಟ್ ತಪ್ಪಿದರೆ ಮನೆಯ ಒಲೆ ಹೊತ್ತುವುದು ಒಂಬತ್ತಕ್ಕೆ. ಹಳೆಯ ರಾತ್ರಿಶಾಲೆಯ ಮಾಸ್ತರರೂ ಬಡವರೇ, ಆದರೆ ಬಹಳ ಮಂದಿ ಅದೇ ಪರಿಸರದ ಚಾಳುಗಳಲ್ಲಿ, ಖೋಲಿಗಳಲ್ಲಿ ಇರುತ್ತಿದ್ದರು. ಶಾಲೆಗೆ ನಡೆದು ಬರುತ್ತಿದ್ದರು. ಶಿಕ್ಷಕರ ವಸತಿಯ ಮಾತು ಬಂದಾಗಲೆಲ್ಲ ಅದು ಹಳ್ಳಿಗಾಡಿನ ಸಮಸ್ಯೆ ಎನ್ನುವಂತೆ ಬರೆಯುತ್ತಾರೆ. ಮುಂಬಯಿಯಲ್ಲಿ ಅದು ಇನ್ನೂ ತೀವ್ರ.

ಪಿಂಚಣಿಯೂ ಕವಲೊಡೆದಿದೆ. 2005ರ ನವೆಂಬರ್ 1ಕ್ಕೆ ಮುನ್ನ ಸೇರಿದವರಿಗೆ ಹಳೆಯ ಪಿಂಚಣಿ, ಆಮೇಲೆ ಸೇರಿದವರಿಗೆ ಹೊಸ ಯೋಜನೆ. ಒಂದೇ ಸ್ಟಾಫ್ ರೂಮಿನಲ್ಲಿ ಒಂದೇ ಪಾಠ ಮಾಡುವ ಇಬ್ಬರ ಮುಪ್ಪು ಬೇರೆಬೇರೆ. ಇದರ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ, ಇಲ್ಲಿ ಮತ್ತೆ ಬೇಡ.

ಹೆಚ್ಚು ಚರ್ಚೆಯಾಗದ್ದು ಒಂಟಿತನ. ಡಾನ್ ಲಾರ್ಟಿ ಎಂಬ ಸಮಾಜಶಾಸ್ತ್ರಜ್ಞ 1975ರಲ್ಲಿ ಶಾಲಾ ಶಿಕ್ಷಕರ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಗುರುತಿಸಿದ್ದರು. ಶಿಕ್ಷಕರು ದಿನವಿಡೀ ಜನರ ನಡುವೆ ಇದ್ದೂ ತಮ್ಮ ಕೆಲಸದಲ್ಲಿ ಒಬ್ಬಂಟಿ. ಪ್ರತಿ ತರಗತಿಯೂ ಒಂದು ಮುಚ್ಚಿದ ಕೋಣೆ. ಕನ್ನಡ ಮಾಧ್ಯಮದ ಮಟ್ಟಿಗೆ ಈ ಕೋಣೆಯ ಗೋಡೆ ಇನ್ನೂ ದಪ್ಪ. ಒಂದೇ ಪಾಲಿಕೆ ಕಟ್ಟಡದಲ್ಲಿ ಮರಾಠಿ, ಹಿಂದಿ, ಉರ್ದು, ಕನ್ನಡ ಶಾಲೆಗಳು ಮಹಡಿ ಹಂಚಿಕೊಂಡಿರುತ್ತವೆ. ತರಬೇತಿ ಮರಾಠಿಯಲ್ಲಿ, ಸುತ್ತೋಲೆ ಮರಾಠಿಯಲ್ಲಿ, ವಾಟ್ಸಾಪ್ ಗುಂಪು ಮರಾಠಿಯಲ್ಲಿ. ರಾಜ್ಯಭಾಷೆ ಅದು, ಇರಬೇಕಾದದ್ದೇ. ಇಲ್ಲಿನ ಕನ್ನಡ ಟೀಚರುಗಳು ಮರಾಠಿಯಲ್ಲಿ ನಮ್ಮನಿಮ್ಮನ್ನು ಮೀರಿಸುತ್ತಾರೆ. ಆದರೆ ಮೂರನೇ ತರಗತಿಯ ಯಾದಗಿರಿಯ ಹುಡುಗ ಒತ್ತಕ್ಷರದಲ್ಲಿ ಎಡವುತ್ತಿದ್ದಾನೆ, ಏನು ಮಾಡೋಣ ಎಂದು ಕೇಳಲು ಪಕ್ಕದ ಕೋಣೆಯಲ್ಲಿ ಯಾರೂ ಇಲ್ಲ. ಇರುವ ಇನ್ನೊಬ್ಬ ಕನ್ನಡ ಟೀಚರ್ ಮುಂದಿನ ವರ್ಷ ನಿವೃತ್ತರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಣ್ಣ ಶಾಲೆಗಳ ಶಿಕ್ಷಕರ ಈ ಒಂಟಿತನವನ್ನು ಒಪ್ಪಿಕೊಂಡು, ಹತ್ತಿರದ ಶಾಲೆಗಳನ್ನು ಕೂಡಿಸಿ ಶಾಲಾ ಸಂಕೀರ್ಣ ಮಾಡಬೇಕೆಂದಿದೆ, ಮಿತಿಮೀರಿದ ವರ್ಗಾವಣೆ ನಿಲ್ಲಬೇಕೆಂದಿದೆ. ಹತ್ತಿರದ ಶಾಲೆಗಳನ್ನು ಕೂಡಿಸುವಾಗ ಕನ್ನಡ ಟೀಚರ್ ಸೇರುವುದು ಮತ್ತೆ ಮರಾಠಿ ಗುಂಪಿಗೇ. ಮುಂಬಯಿಗೆ ಬೇಕಾದದ್ದು ದೂರವನ್ನು ಬದಿಗಿಟ್ಟು ಮಾಧ್ಯಮದ ಮೇಲೆ ಕಟ್ಟಿದ ಸಂಕೀರ್ಣ. ಪಾಲಿಕೆಯ, ಅನುದಾನಿತ, ಖಾಸಗಿ, ರಾತ್ರಿ ಎಂಬ ಭೇದವಿಲ್ಲದೆ ನಗರದ ಎಲ್ಲ ಕನ್ನಡ ಶಿಕ್ಷಕರೂ ತಿಂಗಳಿಗೊಮ್ಮೆ ಸೇರುವ ಒಂದು ಶನಿವಾರ, ಅದೂ ಕರ್ತವ್ಯದ ಮೇಲೆ, ಹಾಜರಿ ಸಮೇತ. ಹೊಸಬರ ಮೊದಲ ವರ್ಷಗಳಲ್ಲಿ ಅದೇ ವಿಷಯ ಬಲ್ಲ ಹಿರಿಯರೊಬ್ಬರನ್ನು ಜೊತೆಗಿಟ್ಟರೆ ಅವರು ಉಳಿಯುವ ಸಾಧ್ಯತೆ ಹೆಚ್ಚು ಎಂಬುದನ್ನು ಇಂಗರ್ಸಾಲ್ ಮತ್ತಿತರರು ಆಮೇಲೆ ತೋರಿಸಿದ್ದಾರೆ. ಆ ಹಿರಿಯರು ನಮ್ಮಲ್ಲಿದ್ದಾರೆ. ಶಾಲು ಹೊದೆಸಿ ಮನೆಗೆ ಕಳಿಸಿದವರು ಅವರೇ.

ಗಡಿಯ ಕನ್ನಡ ಶಾಲೆಗಳನ್ನು ನೋಡಿದರೆ ಇದೇ ರೋಗದ ಇನ್ನೊಂದು ರೂಪ ಕಾಣುತ್ತದೆ. ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿನ ಕನ್ನಡ ಶಾಲೆಗಳಿಗೆ 2024ರಲ್ಲಿ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಪಾಲಕರು ಸಿಡಿದರು. ಕಾಸರಗೋಡಿನಲ್ಲಿ ಕನ್ನಡ ಬಾರದ ಶಿಕ್ಷಕರು ಕನ್ನಡ ತರಗತಿಗೆ ಬರುವುದು ಎಷ್ಟು ಹಳೆಯ ದೂರೆಂದರೆ, ರಿಷಬ್ ಶೆಟ್ಟಿ ಅದರ ಮೇಲೆ 2018ರಲ್ಲಿ ಸಿನಿಮಾವನ್ನೇ ಮಾಡಿದರು. ಆ ಗಲಾಟೆಗಳಲ್ಲಿ ನಾವು ಮಕ್ಕಳ ಪರ ನಿಲ್ಲುತ್ತೇವೆ, ನಿಲ್ಲಲೇಬೇಕು. ಆದರೆ ತನಗೆ ಬಾರದ ಭಾಷೆಯ ತರಗತಿಯಲ್ಲಿ ನಿಂತ ಆ ಶಿಕ್ಷಕನ ಪಾಡೂ ಸುಖದ್ದಲ್ಲ. ಮಕ್ಕಳಿಗೆ ಇವನು ಬೇಡ, ಊರಿಗೆ ಬೇಡ, ಅವನಿಗೂ ಈ ಊರು ಬೇಡ. ವರ್ಗಾವಣೆಗೆ ಅರ್ಜಿ ಬರೆಯುವುದೇ ಅವನ ಮೊದಲ ಕೆಲಸ. ತಪ್ಪು ಅವನನ್ನು ಅಲ್ಲಿಗೆ ಕಳಿಸಿದ ಪಟ್ಟಿಯದು. ಅಕ್ಕಲಕೋಟೆ, ಜತ್, ದಕ್ಷಿಣ ಸೊಲ್ಲಾಪುರಗಳಲ್ಲಿ ಕನ್ನಡದಲ್ಲಿ ಓದಿ, ಮಹಾರಾಷ್ಟ್ರದ ಬೋರ್ಡಿನಲ್ಲೇ ಪಾಸಾದ ಹುಡುಗ ಹುಡುಗಿಯರಿದ್ದಾರೆ. ಮುಂಬಯಿಗೆ ಮುಂದಿನ ಕನ್ನಡ ಟೀಚರ್ ಬರುವುದಿದ್ದರೆ ಅಲ್ಲಿಂದಲೇ. ಧಾರವಾಡದ ದಾರಿ ಮುಚ್ಚಿದೆ. ಅವರು ಡಿ.ಎಡ್. ಓದುವಾಗ ವಿದ್ಯಾರ್ಥಿವೇತನ, ಮುಂಬಯಿಗೆ ಬಂದ ಮೊದಲ ಮೂರು ವರ್ಷ ಇರಲು ಒಂದು ಜಾಗ: ಕೋಟಿಗಟ್ಟಲೆ ಖರ್ಚಿನಲ್ಲಿ ಸಭಾಭವನ ಕಟ್ಟುವ ನಮ್ಮ ಸಂಘಗಳಿಗೆ ಇದು ದೊಡ್ಡ ಮೊತ್ತವಲ್ಲ.

ಸಂಘಗಳು ನಡೆಸುವ ಶಾಲೆಗಳಲ್ಲಿ ಈಗ ಹೆಚ್ಚಿನವು ಇಂಗ್ಲಿಷ್ ಮಾಧ್ಯಮದವು. ಅದನ್ನು ದೂರಿ ಪ್ರಯೋಜನವಿಲ್ಲ. ಮಕ್ಕಳನ್ನು ಅಲ್ಲಿಗೆ ಕಳಿಸಿದವರು ನಾವೇ. ಆದರೆ ಆ ಶಾಲೆಗಳಲ್ಲೂ ಎಳೆಯ ಟೀಚರುಗಳು ಬೇಗ ಹೊರಡುತ್ತಾರೆ, ಮತ್ತು ಅಲ್ಲಿ ಅತಿರಿಕ್ತದ ನೆಪ ಇಲ್ಲ. ಆಡಳಿತ ಮಂಡಳಿಯ ಸಭೆಗೆ ಶಿಕ್ಷಕರ ಪ್ರತಿನಿಧಿಯನ್ನು ಕರೆದು, ಕೂರಿಸಿ, ಮಾತಾಡಲು ಬಿಡುವ ಸಂಸ್ಥೆಗಳು ಎಷ್ಟಿವೆ ಎಂದು ಪದಾಧಿಕಾರಿಗಳು ತಮ್ಮನ್ನೇ ಕೇಳಿಕೊಳ್ಳಬಹುದು. ಮಂಡಳಿಯವರು ಬಂದಾಗ ಟೀಚರುಗಳು ಸಾಲಾಗಿ ನಿಂತು ಆರತಿ ತಟ್ಟೆ ಹಿಡಿಯುವ ಪದ್ಧತಿಯನ್ನಂತೂ ನಾಳೆಯೇ ನಿಲ್ಲಿಸಬಹುದು. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ.

ಈ ನಡುವೆ ಇನ್ನೊಂದು ಗಡುವು ಬಂದು ಕೂತಿದೆ. ಮಹಾರಾಷ್ಟ್ರದ್ದೇ ಒಂದು ಪ್ರಕರಣದಲ್ಲಿ, ಅಂಜುಮನ್ ಇಶಾತ್-ಎ-ತಾಲೀಮ್ ಟ್ರಸ್ಟ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟಿತು. ಒಂದರಿಂದ ಎಂಟನೇ ತರಗತಿಗೆ ಕಲಿಸುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಈ ಅರ್ಹತಾ ಪರೀಕ್ಷೆ ಹುಟ್ಟುವ ಮೊದಲೇ ನೇಮಕವಾಗಿದ್ದವರಿಗೂ ಇದು ಅನ್ವಯ. ಐದಕ್ಕಿಂತ ಕಡಿಮೆ ಉಳಿದವರು ಪಾಸಾಗದೆ ಮುಂದುವರಿಯಬಹುದು, ಬಡ್ತಿ ಸಿಗದು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಹೇಗೆ ಎಂಬ ಪ್ರಶ್ನೆಯನ್ನು ನ್ಯಾಯಾಲಯ ದೊಡ್ಡ ಪೀಠದ ಮುಂದೆ ಇಟ್ಟಿದೆ. ಹಾಗಾಗಿ ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಪಡೆದ ಕನ್ನಡ ಸಂಸ್ಥೆಗಳ ಶಿಕ್ಷಕರು ಸದ್ಯ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಪಾಲಿಕೆಯ ಕನ್ನಡ ಶಾಲೆಯ ಟೀಚರಿಗೆ ಆ ಆಸರೆಯೂ ಇಲ್ಲ. ಇಪ್ಪತ್ತು ವರ್ಷ ಕಲಿಸಿದ, ನಲವತ್ತೈದು ದಾಟಿದ ಆಕೆ ಈಗ 150 ಅಂಕಗಳ ಪ್ರಶ್ನೆಪತ್ರಿಕೆಗೆ ಕೂರಬೇಕು, ಸಾಮಾನ್ಯ ವರ್ಗದವರಾದರೆ 90 ಗಳಿಸಬೇಕು. ಮಹಾರಾಷ್ಟ್ರದ ಟಿಇಟಿ ಕನ್ನಡದಲ್ಲೂ ಇದೆ. ಮಾರುಕಟ್ಟೆಯ ತರಬೇತಿ ತರಗತಿಗಳು, ಗೈಡುಗಳು ಮರಾಠಿಯವು. ಕನ್ನಡದಲ್ಲಿ ತಯಾರಿ ಮಾಡಿಸಬಲ್ಲವರು ನಗರದಲ್ಲೇ ಇದ್ದಾರೆ: ನಿವೃತ್ತ ಮುಖ್ಯೋಪಾಧ್ಯಾಯರು, ಕಲೀನಾದ ವಿಶ್ವವಿದ್ಯಾಲಯ ಆವರಣದ ಕನ್ನಡ ವಿಭಾಗದ ಪದವೀಧರರು. ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ, ಮಾಹಿಮಿನ ಕರ್ನಾಟಕ ಸಂಘದಲ್ಲಿ, ವಡಾಲದ ಎನ್‌ಕೆಇಎಸ್ ಶಾಲೆಯಲ್ಲಿ ಕೋಣೆಗಳಿವೆ, ಮೂರೂ ಸ್ಟೇಷನ್ನಿನಿಂದ ದೂರವಿಲ್ಲ. ಶನಿವಾರ ಮಧ್ಯಾಹ್ನ ಎರಡು ಗಂಟೆಯ ತರಗತಿ, ಸೇರಿದವರಿಗೆ ಚಹಾ, ಮನೋವಿಜ್ಞಾನಕ್ಕೊಬ್ಬರು, ಗಣಿತಕ್ಕೊಬ್ಬರು. ಪರೀಕ್ಷೆಯ ನೆಪದಲ್ಲಾದರೂ ನಗರದ ಕನ್ನಡ ಟೀಚರುಗಳೆಲ್ಲ ಒಂದೇ ಕೋಣೆಯಲ್ಲಿ ಕೂತಾರು. ತೀರ್ಪು ಕೊಟ್ಟ ಗಡುವು 2027ರ ಆಗಸ್ಟ್ ಕೊನೆಗೆ ಮುಗಿಯುತ್ತದೆ.